ತೊರೆಯುವುದೂ ಒಪ್ಪಿಸುವುದೂ: ಗುಜರಾತಿನ ಮೂರು ನಗರಗಳ ನೆಲೆಯಲ್ಲಿ ದತ್ತಕ ವಿಚಾರ

ಹೆತ್ತವಳು ಸಾಕಲಾರದೆ ಹೋದಾಗ ಮಗು ಅವಳ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಲೋಕದಲ್ಲಿ ಹೊಸದಾಗಿ ಹುಟ್ಟಿದ ಸಂಗತಿಯಲ್ಲ. ಆದರೆ ‘ಬಿಟ್ಟ ಮಗು’ ಎಂಬ ಮಾತಿಗೂ ‘ಕೊಟ್ಟ ಮಗು’ ಎಂಬ ಮಾತಿಗೂ ನಮ್ಮ ಭಾಷೆಯಲ್ಲಿರುವ ಅಂತರ ಅತ್ಯಂತ ದೊಡ್ಡದು. ಯಾರೂ ಕಾಣದ ಹೊತ್ತಿನಲ್ಲಿ, ಯಾರಿಗೂ ಹೇಳದೆ ನಡೆದರೆ ಅದು ತೊರೆಯುವಿಕೆ. ಬಲ್ಲ ಮನಸ್ಸಿನಿಂದ, ಸಾಕ್ಷಿಗಳ ಮುಂದೆ, ಮರಳಿ ಯೋಚಿಸಲು ಕಾಲಾವಕಾಶ ಪಡೆದು ನಡೆದರೆ ಅದು ಒಪ್ಪಿಸುವಿಕೆ. ಇಂದಿನ ಭಾರತೀಯ ಕಾನೂನು ಈ ಎರಡನ್ನೂ ಬೇರೆ ಬೇರೆ ಹೆಸರಿನಿಂದಲೇ ಗುರುತಿಸುತ್ತದೆ: ಮೊದಲನೆಯದು ‘ಪರಿತ್ಯಕ್ತ’ ಮಗು, ಎರಡನೆಯದು ‘ಒಪ್ಪಿಸಿದ’ ಮಗು. ಈ ವಿವೇಕ ಕಾನೂನಿಗೆ ಬರಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅದರ ಚರಿತ್ರೆಯ ಮುಖ್ಯ ಘಟ್ಟಗಳಲ್ಲಿ ಕೆಲವು ವಡೋದರೆ, ಸೂರತು, ಅಹಮದಾಬಾದು ನಗರಗಳಲ್ಲಿಯೇ ನಡೆದುವು ಎಂಬುದು ಈ ಪ್ರಾಂತದಲ್ಲಿ ನೆಲೆಸಿರುವ ಕನ್ನಡಿಗರು ತಿಳಿಯತಕ್ಕ ವಿಷಯ. ಆ ಘಟ್ಟಗಳನ್ನೂ, ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಶಿಶುವನ್ನು ದತ್ತಕಕ್ಕೆ ಒಪ್ಪಿಸುವ ಇಂದಿನ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

೧

ದತ್ತಕವೆಂದೊಡನೆ ಮೊದಲು ನೆನಪಿಗೆ ಬರುವುದು ವಂಶ. ಇದಕ್ಕೆ ವಡೋದರೆಯ ರಾಜಮನೆತನದಲ್ಲಿ ಪ್ರಸಿದ್ಧ ನಿದರ್ಶನವೊಂದಿದೆ. ಮಹಾರಾಜ ಖಂಡೇರಾವ್ ಗಾಯಕವಾಡರು ೧೮೭೦ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡರು. ಅನಂತರ ಪಟ್ಟಕ್ಕೆ ಬಂದ ಅವರ ತಮ್ಮ ಮಲ್ಹಾರರಾವ್ ೧೮೭೫ರಲ್ಲಿ ಪದಚ್ಯುತರಾದರು. ಆಗ ಖಂಡೇರಾವರ ವಿಧವೆ ರಾಣಿ ಜಮನಾಬಾಯಿಯವರು, ನಾಸಿಕದ ಕಡೆಯ ಕವಳಾಣೆ ಎಂಬ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಗಾಯಕವಾಡ ವಂಶದ ದೂರದ ಶಾಖೆಯಿಂದ ಗೋಪಾಳರಾವ್ ಎಂಬ ಬಾಲಕನನ್ನು ಆರಿಸಿ, ಅದೇ ವರ್ಷದ ಮೇ ೨೭ರಂದು ದತ್ತು ತೆಗೆದುಕೊಂಡರು. ಆ ಬಾಲಕನೇ ಮುಂದೆ ಮೂರನೆಯ ಸಯಾಜಿರಾವ್ ಎಂಬ ಹೆಸರಿನಿಂದ ಕೀರ್ತಿ ಪಡೆದ ಅರಸ.

ಈ ದತ್ತಕದಲ್ಲಿ ಎಲ್ಲವೂ ಬೆಳಕಿನಲ್ಲಿಯೇ ನಡೆಯಿತು. ಕೊಟ್ಟವರು ಗೊತ್ತು, ಕೊಂಡವರು ಗೊತ್ತು, ಕುಲ ಒಂದೇ, ಉದ್ದೇಶ ಸಿಂಹಾಸನಕ್ಕೆ ಉತ್ತರಾಧಿಕಾರಿ. ಹಿಂದೂ ಧರ್ಮಶಾಸ್ತ್ರದ ದತ್ತಕವೆಂದರೆ ಪ್ರಾಯಶಃ ಇಂಥದೇ. ಪಿಂಡೋದಕಗಳಿಗೂ ಆಸ್ತಿಗೂ ವಾರಸುದಾರನಿಲ್ಲದ ಮನೆಗೆ ಒಬ್ಬ ಮಗನನ್ನು ಒದಗಿಸುವುದು ಅದರ ಗುರಿ. ಮಗುವಿಗೆ ಒಂದು ಮನೆಯನ್ನು ಒದಗಿಸುವುದು ಅದರ ಮುಖ್ಯ ಪ್ರಯೋಜನವೆಂದು ಶಾಸ್ತ್ರಕಾರರು ಎಣಿಸಿದಂತೆ ಕಾಣುವುದಿಲ್ಲ.

ಆದರೆ ಶಾಸ್ತ್ರಕಾರರಿಗೆ ತೊರೆದ ಮಗುವಿನ ಅರಿವಿರಲಿಲ್ಲವೆಂದು ಹೇಳಲಾಗದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ಕನ್ನಡ ನೆಲದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಪ್ರಮಾಣಗ್ರಂಥವಾಯಿತು. ಗುಜರಾತಿನಲ್ಲಿ ಅದರ ಜೊತೆಗೆ ನೀಲಕಂಠಭಟ್ಟನ ‘ವ್ಯವಹಾರಮಯೂಖ’ಕ್ಕೂ ಮನ್ನಣೆ ದೊರೆತು, ಇವೆರಡರಲ್ಲಿ ಭೇದ ಬಂದಲ್ಲಿ ಮಯೂಖದ ಮಾತೇ ನಡೆಯುತ್ತಿತ್ತು. ಸ್ಮೃತಿಯು ಎಣಿಸುವ ಹನ್ನೆರಡು ಬಗೆಯ ಪುತ್ರರಲ್ಲಿ ದತ್ತಕನ ಜೊತೆಗೆ ‘ಕಾನೀನ’, ಎಂದರೆ ಮದುವೆಯಾಗದ ಕನ್ಯೆಯ ಮಗ, ಮತ್ತು ‘ಅಪವಿದ್ಧ’, ಎಂದರೆ ತಾಯಿತಂದೆಗಳು ತೊರೆದುದರಿಂದ ಬೇರೊಬ್ಬರು ಸ್ವೀಕರಿಸಿದ ಮಗ, ಇಬ್ಬರೂ ಇದ್ದಾರೆ. ಪಂಪನ ಕಾವ್ಯವನ್ನು ಬಲ್ಲ ಕನ್ನಡಿಗನಿಗೆ ಕಾನೀನನೂ ಅಪವಿದ್ಧನೂ ಒಬ್ಬನೇ ಆಗಿ ಬಂದವನ ಹೆಸರನ್ನು ಹೇಳಬೇಕಾಗಿಲ್ಲ. ಹೊಳೆಯ ಪಾಲಾಗಿ ಸೂತನ ಮನೆಯಲ್ಲಿ ಬೆಳೆದ ಕರ್ಣನಿಗೆ ಸಾಕಿದ ತಾಯಿಯ ಪ್ರೀತಿಗೆ ಕೊರತೆಯಿರಲಿಲ್ಲ. ಅವನಿಗೆ ಕೊರತೆಯಾದುದು ಸಭೆಯಲ್ಲಿ ಎದ್ದು ನಿಂತು ಹೇಳಬಹುದಾದ ಒಂದು ಹುಟ್ಟು.

ಕಾಲಕ್ರಮದಲ್ಲಿ, ಕಲಿಯುಗದಲ್ಲಿ ಔರಸ ಮತ್ತು ದತ್ತಕ ಎಂಬ ಎರಡೇ ಬಗೆಯ ಪುತ್ರರು ಗ್ರಾಹ್ಯರೆಂಬ ಅಭಿಪ್ರಾಯ ನೆಲೆಗೊಂಡಿತು. ಕಾನೀನನೂ ಅಪವಿದ್ಧನೂ ಶಾಸ್ತ್ರದ ಪಟ್ಟಿಯಿಂದ ಹೊರಗಾದರು. ದತ್ತಕ್ಕೆ ಕೊಡುವ ಅಧಿಕಾರ ತಂದೆಗೆ, ಅವನಿಲ್ಲದಾಗ ತಾಯಿಗೆ ಮಾತ್ರ ಎಂಬ ನಿಯಮವೂ ಇದ್ದುದರಿಂದ, ಕೊಡುವವರೇ ಇಲ್ಲದ ಅನಾಥ ಮಗುವನ್ನು ಶಾಸ್ತ್ರೋಕ್ತವಾಗಿ ದತ್ತು ಪಡೆಯುವಂತಿರಲಿಲ್ಲ. ಯಾರಿಗೆ ಮನೆಯ ಅವಶ್ಯಕತೆ ಹೆಚ್ಚೋ ಅವರಿಗೇ ಬಾಗಿಲು ಮುಚ್ಚಿದಂತಾಯಿತು.

೨

ಸಯಾಜಿರಾವರ ದತ್ತಕ ನಡೆದ ಆರು ವರ್ಷಗಳಿಗೆ ಸೂರತಿನಲ್ಲಿ ಇನ್ನೊಂದು ಪ್ರಕರಣ ನಡೆಯಿತು. ವಿಜಯಲಕ್ಷ್ಮಿ ಎಂಬ ತರುಣ ಬ್ರಾಹ್ಮಣ ವಿಧವೆ ತನಗೆ ಹುಟ್ಟಿದ ಶಿಶುವನ್ನು ಕೊಂದಳೆಂಬ ಆಪಾದನೆಯ ಮೇಲೆ ೧೮೮೧ರಲ್ಲಿ ಅಲ್ಲಿಯ ಸೆಷನ್ಸ್ ನ್ಯಾಯಾಲಯದ ಮುಂದೆ ಬಂದಳು. ನ್ಯಾಯಾಲಯ ಮರಣದಂಡನೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ದ್ವೀಪಾಂತರ ಶಿಕ್ಷೆಗೆ ಇಳಿಯಿತು. ಮುಂಬಯಿ ಪ್ರಾಂತದ ಪತ್ರಿಕೆಗಳಲ್ಲಿ ಈ ಮೊಕದ್ದಮೆಯ ಸುತ್ತ ಬಹಳ ಚರ್ಚೆಯಾಯಿತು; ವಿಧವೆಯರ ನಡತೆಯನ್ನು ಹಳಿದವರೇ ಹೆಚ್ಚು. ಅದನ್ನು ಓದಿ ಕೆರಳಿದ ಬುಲಢಾಣೆಯ ತಾರಾಬಾಯಿ ಶಿಂದೆಯವರು ೧೮೮೨ರಲ್ಲಿ ‘ಸ್ತ್ರೀ-ಪುರುಷ ತುಲನಾ’ ಎಂಬ ಮರಾಠಿ ಪ್ರಬಂಧವನ್ನು ಪ್ರಕಟಿಸಿದರು. ಗಂಡಸಿನಲ್ಲಿ ಕಾಣದ ದೋಷ ಹೆಂಗಸಿನಲ್ಲಿ ಮಾತ್ರ ಹೇಗೆ ಬಂದಿತು ಎಂಬುದೇ ಆ ಪ್ರಬಂಧದ ತಿರುಳು. ಆಧುನಿಕ ಭಾರತದಲ್ಲಿ ಹೆಂಗಸೊಬ್ಬಳು ತನ್ನ ವರ್ಗದ ಪರವಾಗಿ ಬರೆದ ಮೊದಲ ವಾದಗ್ರಂಥಗಳಲ್ಲಿ ಇದನ್ನು ಎಣಿಸುತ್ತಾರೆ.

ಈ ಮೊಕದ್ದಮೆಯನ್ನು ಇಲ್ಲಿ ನೆನೆಯುವುದಕ್ಕೆ ಬೇರೊಂದು ಕಾರಣವಿದೆ. ವಿಧವಾವಿವಾಹವನ್ನು ಸಕ್ರಮಗೊಳಿಸುವ ಕಾಯಿದೆ ೧೮೫೬ರಲ್ಲಿಯೇ ಬಂದಿದ್ದಿತು. ಸೂರತಿನಲ್ಲಿ ದುರ್ಗಾರಾಮ ಮೆಹತಾಜಿಯವರು ೧೮೪೪ರಲ್ಲಿಯೇ ಮಾನವಧರ್ಮ ಸಭೆಯನ್ನು ಕಟ್ಟಿದ್ದರು. ಅದೇ ಊರಿನ ಕವಿ ನರ್ಮದರು ವಿಧವೆಯರ ಪುನರ್ವಿವಾಹದ ಪರವಾಗಿ ಬರೆದು ಹೋರಾಡಿದ್ದರು. ಇಷ್ಟೆಲ್ಲ ವಿಚಾರಜಾಗೃತಿ ಇದ್ದ ಊರಿನ ಪ್ರಾಂತದಲ್ಲಿಯೂ, ಮಗುವನ್ನು ಇಟ್ಟುಕೊಳ್ಳಲಾರದ ತಾಯಿಯೊಬ್ಬಳು ಹಗಲಲ್ಲಿ ಹೋಗಿ ಅದನ್ನು ಒಪ್ಪಿಸಬಹುದಾದ ಸ್ಥಳವಿರಲಿಲ್ಲ. ಅವಳ ಮುಂದೆ ಇದ್ದುವು ಎರಡೇ ಹಾದಿ: ಮಗುವಿನೊಡನೆ ಬಹಿಷ್ಕಾರ, ಇಲ್ಲವೆ ಮಗುವಿಲ್ಲದೆ ಅಪರಾಧ. ಮೂರನೆಯ ಹಾದಿ ಇಲ್ಲದಿದ್ದುದರ ಹೊಣೆ ಅವಳೊಬ್ಬಳದಾಗಿರಲಿಲ್ಲ.

೩

ಆ ಮೂರನೆಯ ಹಾದಿಯನ್ನು ಕಡಿಯುವ ಕೆಲಸ ಅಷ್ಟರಲ್ಲಿಯೇ ಬೇರೆಡೆ ಆರಂಭವಾಗಿತ್ತು. ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ೧೮೬೩ರಲ್ಲಿ ಪುಣೆಯಲ್ಲಿ ತಮ್ಮ ಮನೆಯಲ್ಲಿಯೇ ‘ಬಾಲಹತ್ಯಾ ಪ್ರತಿಬಂಧಕ ಗೃಹ’ವನ್ನು ತೆರೆದು, ವಿಧವೆಯರು ಗುಟ್ಟಾಗಿ ಬಂದು ಹೆರಿಗೆ ಮಾಡಿಕೊಂಡು, ಬೇಕಾದರೆ ಮಗುವನ್ನು ಅಲ್ಲಿಯೇ ಬಿಟ್ಟುಹೋಗುವ ವ್ಯವಸ್ಥೆ ಮಾಡಿದರು. ಹಾಗೆ ಬಂದ ಬ್ರಾಹ್ಮಣ ವಿಧವೆಯೊಬ್ಬಳ ಮಗನನ್ನು ಆ ದಂಪತಿಗಳೇ ದತ್ತು ಪಡೆದರು. ಯಶವಂತ ಎಂಬ ಆ ಮಗು ಬೆಳೆದು ವೈದ್ಯನಾದನು.

ಎರಡನೆಯ ಗೃಹ ಹುಟ್ಟಿದುದು ಕನ್ನಡಿಗರಿಗೆ ಚಿರಪರಿಚಿತವಾದ ಪಂಢರಪುರದಲ್ಲಿ. ಹರಿದಾಸರ ಪಾಂಡುರಂಗನ ಆ ಕ್ಷೇತ್ರಕ್ಕೆ ಯಾತ್ರೆಯ ನೆವದಲ್ಲಿ ಬಂದು, ಯಾತ್ರಿಕರ ಗುಂಪಿನಲ್ಲಿ ಕೂಸನ್ನು ತೊರೆದು ಹೋಗುವುದು ಅಂದಿನ ಕಾಲದಲ್ಲಿ ಕಂಡುಬರುತ್ತಿದ್ದ ದುಃಖದ ಸಂಗತಿ. ಅಲ್ಲಿ ನ್ಯಾಯಾಧಿಕಾರಿಯಾಗಿದ್ದ ಗುಜರಾತಿನ ಲಾಲಶಂಕರ ಉಮಿಯಾಶಂಕರ ತ್ರವಾಡಿಯವರು ಪ್ರಾರ್ಥನಾ ಸಮಾಜದ ಬೆಂಬಲದೊಂದಿಗೆ ೧೮೭೫ರಲ್ಲಿ ಅಂಥ ಕೂಸುಗಳಿಗಾಗಿ ಒಂದು ಗೃಹವನ್ನು ಸ್ಥಾಪಿಸಿದರು. ವಡೋದರೆಯಲ್ಲಿ ರಾಜದತ್ತಕ ನಡೆದ ವರ್ಷವೇ ಇದೂ ನಡೆದುದು ಕೇವಲ ಆಕಸ್ಮಿಕ. ಆದರೂ ದತ್ತಕದ ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ವರ್ಷದಲ್ಲಿ ಎದುರುಬದುರಾಗಿ ನಿಂತುದನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸದೆ ಇರಲಾರ.

ಪಂಢರಪುರದ ಅನುಭವ ಗುಜರಾತಿಗೆ ಮರಳಿ ಬಂದುದು ಅಹಮದಾಬಾದಿನ ಮೂಲಕ. ಸೂರತಿನಲ್ಲಿ ಹುಟ್ಟಿದ ಮಹೀಪತರಾಮ ರೂಪರಾಮ ನೀಲಕಂಠರು (೧೮೨೯–೧೮೯೧) ೧೮೬೦ರಲ್ಲಿ ಇಂಗ್ಲೆಂಡಿಗೆ ಹೋಗಿಬಂದು, ಆ ಕಾರಣಕ್ಕೆ ತಮ್ಮ ನಾಗರ ಜಾತಿಯ ಬಹಿಷ್ಕಾರಕ್ಕೆ ಗುರಿಯಾದವರು. ಮುಂದೆ ಅಹಮದಾಬಾದಿನಲ್ಲಿ ಶಿಕ್ಷಣ ಮತ್ತು ಸಮಾಜಸುಧಾರಣೆಯ ಮುಂದಾಳಾಗಿದ್ದವರು. ಅವರು ತೀರಿಕೊಂಡ ಮರುವರ್ಷ, ೧೮೯೨ರಲ್ಲಿ, ಅವರ ಸ್ಮಾರಕವಾಗಿ ಅಹಮದಾಬಾದಿನಲ್ಲಿ ಮಹೀಪತರಾಮ ರೂಪರಾಮ ಅನಾಥಾಶ್ರಮ ಸ್ಥಾಪಿತವಾಯಿತು. ಲಾಲಶಂಕರರು ಆ ಕಾರ್ಯದಲ್ಲಿಯೂ ಪಾಲುಗೊಂಡವರು. ಜಾತಿಯಿಂದ ಹೊರಗಾದವನೊಬ್ಬನ ಹೆಸರು ಹುಟ್ಟಿನ ಕಾರಣದಿಂದ ಹೊರಗಾದ ಮಕ್ಕಳ ಮನೆಗೆ ಸಂದುದರಲ್ಲಿ ಔಚಿತ್ಯವುಂಟು. ಗುಜರಾತಿಗಳು ಇಂದಿಗೂ ‘ಛಪ್ಪನಿಯೋ’ ಎಂದು ನೆನೆಯುವ, ಸಂವತ್ಸರ ೧೯೫೬ರ, ಎಂದರೆ ಕ್ರಿ. ಶ. ೧೮೯೯–೧೯೦೦ರ ಘೋರ ಕ್ಷಾಮ ಈ ಸೀಮೆಯಲ್ಲಿ ಅಸಂಖ್ಯ ಮಕ್ಕಳನ್ನು ನಿರ್ಗತಿಕರನ್ನಾಗಿ ಮಾಡಿದಾಗ ಇಂಥ ಆಶ್ರಮಗಳ ಅಗತ್ಯವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ಈ ಸಂಸ್ಥೆಗಳು ಮಗುವಿನ ಪ್ರಾಣವನ್ನು ಉಳಿಸಿದುವು. ಆದರೆ ಉಳಿದ ಮಗುವಿಗೆ ಮಗನೆಂಬ, ಮಗಳೆಂಬ ಹೆಸರನ್ನು ಕೊಡುವ ಅಧಿಕಾರ ಅವುಗಳಿಗೆ ಇರಲಿಲ್ಲ. ಅದಕ್ಕೆ ಕಾನೂನು ಬದಲಾಗಬೇಕಾಗಿತ್ತು.

೪

ಕಾನೂನಿನ ಬದಲಾವಣೆ ಮೆಲ್ಲಮೆಲ್ಲನೆ ಬಂದಿತು. ೧೮೯೦ರ ಪಾಲಕರು ಮತ್ತು ಪಾಲಿತರ ಕಾಯಿದೆಯ ಅನ್ವಯ ಯಾರಾದರೂ ಮಗುವೊಂದರ ಪಾಲಕರಾಗಬಹುದಾಗಿತ್ತು. ಆದರೆ ಆ ಸಂಬಂಧ ಮಗುವಿಗೆ ಪ್ರಾಪ್ತವಯಸ್ಸು ಬಂದೊಡನೆ ಮುಗಿಯುವಂಥದು. ವಾರಸುದಾರಿಕೆಯ ಹಕ್ಕು ಅದರಿಂದ ಹುಟ್ಟದು. ಮುಸ್ಲಿಮರು, ಕ್ರೈಸ್ತರು, ಸೂರತಿನ ಹಳೆಯ ನಿವಾಸಿಗಳಾದ ಪಾರ್ಸಿಗಳು, ಇವರಿಗೆಲ್ಲ ಬಹುಕಾಲ ಇದೊಂದೇ ದಾರಿಯಾಗಿ ಉಳಿಯಿತು.

೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುವಂಥದು. ಅದು ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದು ಸಾರಿತು, ದತ್ತಹೋಮ ಅವಶ್ಯವಲ್ಲವೆಂದಿತು, ಕೊಡುವ ಮತ್ತು ಕೊಳ್ಳುವ ಕ್ರಿಯೆಯೇ ಮುಖ್ಯವೆಂದಿತು, ಇದಕ್ಕಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ಅಪರಾಧವೆಂದು ವಿಧಿಸಿತು. ತಾಯಿತಂದೆ ಇಬ್ಬರೂ ತೀರಿಕೊಂಡಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಪಾಲಕನು ಮಗುವನ್ನು ಕೊಡಬಹುದೆಂದೂ ಅದರಲ್ಲಿದ್ದಿತು. ತೊರೆದ ಮಗುವಿಗೆ, ಹೆತ್ತವರು ಯಾರೆಂದೇ ತಿಳಿಯದ ಮಗುವಿಗೆ ಈ ಅವಕಾಶ ದೊರೆತುದು ೧೯೬೨ರ ತಿದ್ದುಪಡಿಯಿಂದ. ಸ್ಮೃತಿಯ ‘ಅಪವಿದ್ಧ’ ಶತಮಾನಗಳ ಅನಂತರ ಮರಳಿ ಕಾನೂನಿನ ಪುಟಕ್ಕೆ ಬಂದನೆಂದು ಇದನ್ನು ವರ್ಣಿಸಬಹುದು.

ಎಲ್ಲ ಧರ್ಮದವರಿಗೂ ಅನ್ವಯಿಸುವ ದತ್ತಕ ಮಸೂದೆಗಳು ೧೯೭೨ರಲ್ಲಿಯೂ ೧೯೮೦ರಲ್ಲಿಯೂ ಸಂಸತ್ತಿಗೆ ಬಂದು ಕಾಯಿದೆಯಾಗದೆ ಹೋದುವು. ಅಷ್ಟರಲ್ಲಿ ಭಾರತೀಯ ಶಿಶುಗಳು ವಿದೇಶಗಳಿಗೆ ದತ್ತಕವಾಗಿ ಹೋಗುವ ಪದ್ಧತಿಯಲ್ಲಿನ ಅಕ್ರಮಗಳ ವಿಷಯವಾಗಿ ಲಕ್ಷ್ಮೀಕಾಂತ ಪಾಂಡೆಯೆಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸರ್ವೋಚ್ಚ ನ್ಯಾಯಾಲಯ, ೧೯೮೪ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಮೂಲಕ ವಿಸ್ತಾರವಾದ ತೀರ್ಪಿತ್ತಿತು. ಮಾನ್ಯತೆ ಪಡೆದ ಸಂಸ್ಥೆಗಳು ಮಾತ್ರ ಈ ಕೆಲಸ ಮಾಡಬೇಕು. ಹೆತ್ತವರಿಗೆ ತಮ್ಮ ನಿರ್ಧಾರದ ಪರಿಣಾಮವನ್ನು ಚೆನ್ನಾಗಿ ತಿಳಿಸಬೇಕು. ಮಗು ಹುಟ್ಟುವ ಮೊದಲೇ ಅವರಿಂದ ಒಪ್ಪಿಗೆ ಪಡೆಯಬಾರದು. ಮರುಯೋಚನೆಗೆ ಸಮಯ ಕೊಡಬೇಕು: ಇಂದಿನ ಕ್ರಮದ ಮೂಲತತ್ತ್ವಗಳೆಲ್ಲ ಆ ತೀರ್ಪಿನಲ್ಲಿವೆ. ಅದರ ಫಲವಾಗಿ ೧೯೯೦ರಲ್ಲಿ ಕೇಂದ್ರದ ದತ್ತಕ ಪ್ರಾಧಿಕಾರ ಹುಟ್ಟಿತು. ಅದನ್ನು ಎಲ್ಲರೂ ‘ಕಾರಾ’ ಎಂಬ ಹ್ರಸ್ವನಾಮದಿಂದ ಬಲ್ಲರು.

೨೦೦೦ದ ಬಾಲನ್ಯಾಯ ಕಾಯಿದೆಯೂ ಅದರ ೨೦೦೬ರ ತಿದ್ದುಪಡಿಯೂ ದತ್ತಕವನ್ನು ಧರ್ಮದ ಕಟ್ಟಿನಿಂದ ಬಿಡಿಸಿದುವು. ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ, ಯಾವ ಧರ್ಮದವರಾದರೂ ತಮ್ಮ ಇಚ್ಛೆಯಿಂದ ಈ ಕಾಯಿದೆಯಂತೆ ದತ್ತು ಪಡೆಯಬಹುದೆಂದು ಸ್ಪಷ್ಟಪಡಿಸಿತು. ಇಂದು ನಡೆಯುತ್ತಿರುವುದು ೨೦೧೬ರ ಜನವರಿ ೧೫ರಿಂದ ಜಾರಿಗೆ ಬಂದ ೨೦೧೫ರ ಬಾಲನ್ಯಾಯ ಕಾಯಿದೆ, ಅದರ ೨೦೨೧ರ ತಿದ್ದುಪಡಿ, ಮತ್ತು ೨೦೨೨ರ ದತ್ತಕ ನಿಯಮಾವಳಿ.

೫

ಈಗಿನ ಕ್ರಮವನ್ನು ತಾಯಿಯ ಕಡೆಯಿಂದ ನೋಡುವುದು ಯುಕ್ತ. ಏಕೆಂದರೆ ದತ್ತು ಪಡೆಯುವವರಿಗಾಗಿ ಬರೆದ ವಿವರಣೆಗಳು ಬೇಕಾದಷ್ಟಿವೆ, ಕೊಡುವವಳಿಗಾಗಿ ಬರೆದುವು ವಿರಳ.

ಕಾಯಿದೆಯ ೩೫ನೆಯ ಕಲಮಿನಂತೆ, ತಮ್ಮ ಹತೋಟಿಗೆ ಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣದಿಂದ ಮಗುವನ್ನು ಒಪ್ಪಿಸಬಯಸುವ ತಾಯಿತಂದೆಗಳು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಕೂಡಿದ ಈ ಸಮಿತಿಯಲ್ಲಿ ಒಬ್ಬ ಸ್ತ್ರೀಯಾದರೂ ಇರಲೇಬೇಕು. ದಾರಿ ತಿಳಿಯದವರು ಮೊದಲು ವಿಶೇಷ ದತ್ತಕ ಸಂಸ್ಥೆಗೆ ಹೋದರೆ ಆ ಸಂಸ್ಥೆಯವರೇ ಸಮಿತಿಯ ಮುಂದೆ ಕರೆದೊಯ್ಯುವರು. ಮಕ್ಕಳ ಸಹಾಯವಾಣಿ ೧೦೯೮ಕ್ಕೆ ದೂರವಾಣಿ ಮಾಡಿದರೂ ದಾರಿ ದೊರೆಯುವುದು. ಸಂಸ್ಥೆಗೆ ರಾಜ್ಯ ಸರ್ಕಾರದ ಮಾನ್ಯತೆ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಮಾನ್ಯತೆ ಒಂದು ಅವಧಿಗೆ ಸೀಮಿತವಾದುದು. ಹೆಸರು ಹಳೆಯದು, ಕಟ್ಟಡ ದೊಡ್ಡದು ಎಂಬುದು ಅದಕ್ಕೆ ಬದಲಾಗಲಾರದು. ಚಾಲ್ತಿಯಲ್ಲಿರುವ ಸಂಸ್ಥೆಗಳ ಪಟ್ಟಿ ಕಾರಾದಲ್ಲಿಯೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿಯೂ ದೊರೆಯುತ್ತದೆ.

ಸಮಿತಿಯ ಮೊದಲ ಕೆಲಸ ಒಪ್ಪಿಸಿಕೊಳ್ಳುವುದಲ್ಲ, ಕೇಳುವುದು. ಮಗುವನ್ನು ತಾಯಿ ತನ್ನಲ್ಲಿಯೇ ಇಟ್ಟುಕೊಳ್ಳುವುದು ಸಾಧ್ಯವೇ ಎಂದು ವಿಚಾರಿಸಿ, ಆಪ್ತಸಲಹೆ ಕೊಡಬೇಕೆಂಬುದು ನಿಯಮ. ಬಡತನವೊಂದೇ ಕಾರಣವಾಗಿದ್ದರೆ ಬೇರೆ ನೆರವಿನ ಮಾರ್ಗವನ್ನು ಮೊದಲು ನೋಡತಕ್ಕದ್ದು. ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಅರ್ಹತೆಯುಳ್ಳ ಮಗುವಿಗೆ ಮನೆಯಲ್ಲಿಯೇ ಬೆಳೆಯಲು ತಿಂಗಳಿಗೆ ೪೦೦೦ ರೂಪಾಯಿಗಳ ಪ್ರಾಯೋಜನೆಗೆ ಅವಕಾಶವಿದೆ. ಕಾಸಿನ ಕೊರತೆಗಾಗಿ ಕೂಸನ್ನು ಕಳೆದುಕೊಳ್ಳುವಂತಾಗಬಾರದು ಎಂಬುದು ಇದರ ಹಿಂದಿನ ತತ್ತ್ವ.

ನಿರ್ಧಾರ ದೃಢವಾಗಿದ್ದರೆ ತಾಯಿತಂದೆಗಳು ಸಮಿತಿಯ ಎದುರಿನಲ್ಲಿ ಒಪ್ಪಿಸುವ ಪತ್ರಕ್ಕೆ ಸಹಿ ಮಾಡುತ್ತಾರೆ. ವಿವಾಹಿತ ದಂಪತಿಗಳ ಮಗುವಾದರೆ ಇಬ್ಬರ ಸಹಿಯೂ ಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣದ ಪ್ರಮಾಣಪತ್ರ ಬೇಕು. ಅವಿವಾಹಿತೆಯ ಮಗುವಾದರೆ ಅವಳೊಬ್ಬಳ ಸಹಿ ಸಾಕು. ತಂದೆಯ ಹೆಸರನ್ನು ಹೇಳೆಂದು ಅವಳನ್ನು ಕಾಡುವಂತಿಲ್ಲ. ತಾಯಿಯೇ ಹದಿನೆಂಟು ತುಂಬದವಳಾಗಿದ್ದರೆ ಅವಳ ಜೊತೆಗೆ ಬಂದ ಪ್ರಾಪ್ತವಯಸ್ಕರೊಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು. ಅಲ್ಲದೆ ೨೦೧೨ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದೂ ಕಡ್ಡಾಯ. ಆ ದೂರು ಅವಳಿಗೆ ಅನ್ಯಾಯ ಮಾಡಿದವನ ಮೇಲೆ ಹೊರತು ಅವಳ ಮೇಲಲ್ಲ ಎಂಬುದನ್ನು ಮನೆಯವರು ತಿಳಿದಿರಬೇಕು.

ಸಹಿಯಾದ ದಿನವೇ ಎಲ್ಲವೂ ಮುಗಿಯುವುದಿಲ್ಲ. ಈ ಕಾನೂನಿನ ಮರ್ಮವಿರುವುದು ಇಲ್ಲಿಯೇ. ಅಂದಿನಿಂದ ಎರಡು ತಿಂಗಳ ಕಾಲ ಮಗು ಸಂಸ್ಥೆಯ ಆರೈಕೆಯಲ್ಲಿರುತ್ತದೆ. ಆದರೆ ಯಾರಿಗೂ ದತ್ತು ಕೊಡುವಂತಿಲ್ಲ. ತಾಯಿ ಮನಸ್ಸು ಬದಲಿಸಿ ಬಂದರೆ ಮಗುವನ್ನು ಮರಳಿ ಕೇಳಬಹುದು. ಹೆರಿಗೆಯ ಆಯಾಸದಲ್ಲಿ, ಮನೆಯವರ ಕೋಪದಲ್ಲಿ, ಊರಿನ ಅಂಜಿಕೆಯಲ್ಲಿ ಹಾಕಿದ ಸಹಿಯನ್ನು ಶಾಂತವಾದ ಮನಸ್ಸಿನಿಂದ ಮತ್ತೊಮ್ಮೆ ನೋಡಲು ಕೊಟ್ಟ ಗಡುವು ಅದು. ಅವಧಿ ಕಳೆದ ಮೇಲೆಯೇ ಸಮಿತಿಯು ಮಗುವನ್ನು ‘ದತ್ತಕಕ್ಕೆ ಕಾನೂನುರೀತ್ಯಾ ಮುಕ್ತ’ ಎಂದು ಘೋಷಿಸುತ್ತದೆ. ಆ ಮೇಲೆ ಮಗುವನ್ನು ಮರಳಿ ಕೇಳುವ ಹಕ್ಕು ಉಳಿಯದು.

ತೊರೆದ ಮಗುವಿನ ಹಾದಿ ಬೇರೆ. ಅದು ದೊರೆತ ಇಪ್ಪತ್ತನಾಲ್ಕು ಗಂಟೆಗಳೊಳಗೆ ವರದಿಯಾಗಬೇಕು. ಹೆತ್ತವರನ್ನು ಹುಡುಕುವ ಪ್ರಯತ್ನ ನಡೆಯಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳೊಳಗೆ, ದೊಡ್ಡ ಮಗುವಾದರೆ ನಾಲ್ಕು ತಿಂಗಳೊಳಗೆ ಅದು ಮುಕ್ತವೋ ಅಲ್ಲವೋ ಎಂದು ನಿರ್ಧಾರವಾಗಬೇಕು. ಕಸದ ಬಳಿಯಲ್ಲಿ, ರೈಲು ನಿಲ್ದಾಣದಲ್ಲಿ ಬಿಟ್ಟ ಮಗು ಸಂಸ್ಥೆಯನ್ನು ಮುಟ್ಟುವುದಕ್ಕೆ ಮೊದಲೇ ಪ್ರಾಣ ಬಿಡುವ ಭಯವುಂಟು. ಆದುದರಿಂದಲೇ ದತ್ತಕ ಸಂಸ್ಥೆಗಳ ಬಾಗಿಲಲ್ಲಿಯೂ ಆಸ್ಪತ್ರೆಗಳಲ್ಲಿಯೂ ತೊಟ್ಟಿಲುಗಳನ್ನು ಇಡುವ ಪದ್ಧತಿ ಬಂದಿದೆ. ಮುಖ ತೋರಿಸಲಾರದ ತಾಯಿಯೂ ಅಲ್ಲಿ ಮಗುವನ್ನು ಮಲಗಿಸಿ ಹೋಗಬಹುದು.

ಮುಕ್ತವಾದ ಮಗುವನ್ನು ಯಾರಿಗೆ ಕೊಡಬೇಕೆಂಬುದನ್ನು ತಾಯಿಯಾಗಲಿ ಸಂಸ್ಥೆಯಾಗಲಿ ಆರಿಸುವಂತಿಲ್ಲ. ದೇಶದ ಎಲ್ಲೆಡೆ ಹೆಸರು ನೋಂದಾಯಿಸಿರುವ ದಂಪತಿಗಳನ್ನೂ ಒಂಟಿ ವ್ಯಕ್ತಿಗಳನ್ನೂ ಮನೆಗೆ ಹೋಗಿ ಪರಿಶೀಲಿಸಿದ ವರದಿಯ ಮೇಲೆ, ಸರದಿಯ ಪ್ರಕಾರ, ಕಾರಾದ ಏರ್ಪಾಡು ಅವರಿಗೆ ಮಗುವನ್ನು ಸೂಚಿಸುತ್ತದೆ. ಹೀಗಾಗಿ ಸೂರತಿನಲ್ಲಿ ಹುಟ್ಟಿದ ಮಗು ಮಂಗಳೂರಿನ ಮನೆಯೊಂದರಲ್ಲಿ ಕನ್ನಡವನ್ನೋ ತುಳುವನ್ನೋ ತೊದಲಬಹುದು. ಧಾರವಾಡದ ಕೂಸು ವಡೋದರೆಯಲ್ಲಿ ಗುಜರಾತಿ ಕಲಿಯಬಹುದು. ದತ್ತಕದ ಕೊನೆಯ ಆಜ್ಞೆಯನ್ನು ಹಿಂದೆ ನ್ಯಾಯಾಲಯ ಹೊರಡಿಸುತ್ತಿತ್ತು; ೨೦೨೨ರ ಸೆಪ್ಟೆಂಬರಿನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರು ಹೊರಡಿಸುತ್ತಾರೆ. ಆ ದಿನದಿಂದ ಮಗು ಎಲ್ಲ ಅರ್ಥದಲ್ಲಿಯೂ ಆ ಮನೆಯದು.

೬

ಎರಡು ಭಯಗಳು ಜನರನ್ನು ಈ ದಾರಿಯಿಂದ ದೂರವಿಡುತ್ತವೆ. ಒಂದು ಶಿಕ್ಷೆಯ ಭಯ, ಇನ್ನೊಂದು ಬಯಲಾಗುವ ಭಯ.

ಶಿಕ್ಷೆಯ ವಿಷಯದಲ್ಲಿ ಕಾನೂನು ೧೮೮೧ರಿಂದ ಬಹುದೂರ ಬಂದಿದೆ. ಹನ್ನೆರಡು ವರ್ಷದೊಳಗಿನ ಮಗುವನ್ನು ಬಯಲಿಗೆ ಬಿಡುವುದು ಇಂದೂ ದಂಡನೀಯವೇ. ಹಿಂದೆ ದಂಡಸಂಹಿತೆಯ ೩೧೭ನೆಯ ಕಲಮಿನಲ್ಲಿದ್ದುದು ೨೦೨೪ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ ೯೩ನೆಯ ಕಲಮಿಗೆ ಬಂದಿದೆ. ಆದರೆ ಬಾಲನ್ಯಾಯ ಕಾಯಿದೆಯ ೩೮ನೆಯ ಕಲಮಿನಂತೆ, ತೊರೆದ ಅಥವಾ ಒಪ್ಪಿಸಿದ ಮಗುವಿನ ವಿಚಾರಣೆಯ ಕಾಲದಲ್ಲಿ ಹೆತ್ತವರ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಿಸುವಂತಿಲ್ಲ. ಹತೋಟಿ ಮೀರಿದ ಪರಿಸ್ಥಿತಿಯಿಂದ ತೊರೆದುದಾದರೆ ಅದು ಬುದ್ಧಿಪೂರ್ವಕವಲ್ಲವೆಂದೇ ಭಾವಿಸಬೇಕೆಂದು ೭೫ನೆಯ ಕಲಮು ಹೇಳುತ್ತದೆ. ಸಮಿತಿಯ ಮುಂದೆ ಬಂದು ಒಪ್ಪಿಸಿದ ತಾಯಿಯಂತೂ ಯಾವ ಅಪರಾಧವನ್ನೂ ಮಾಡಿದವಳಲ್ಲ.

ಗೋಪ್ಯದ ವಿಷಯ ಇನ್ನೂ ಸೂಕ್ಷ್ಮವಾದುದು. ಮಗುವಿನ ಗುರುತನ್ನು ಪತ್ರಿಕೆಗಳಲ್ಲಿ ಹೊರಗೆಡಹುವುದು ೭೪ನೆಯ ಕಲಮಿನಂತೆ ಅಪರಾಧ. ಒಪ್ಪಿಸುವಾಗ ತನ್ನ ಹೆಸರು ಮುಂದೆಯೂ ತಿಳಿಯಬಾರದೆಂದು ತಾಯಿ ಕೇಳಿಕೊಂಡಿದ್ದರೆ, ಅವಳ ಲಿಖಿತ ಸಮ್ಮತಿಯಿಲ್ಲದೆ ಅದನ್ನು ತಿಳಿಸಲಾಗದು. ಇನ್ನೊಂದು ಕಡೆ, ಹದಿನೆಂಟು ತುಂಬಿದ ದತ್ತಕ ಸಂತಾನಕ್ಕೆ ತನ್ನ ಮೂಲವನ್ನು ಅರಸಿ ಅರ್ಜಿ ಹಾಕುವ ಹಕ್ಕೂ ಇದೆ. ಈ ಎರಡು ಹಕ್ಕುಗಳು ಎದುರಾದಲ್ಲಿ ಮಗುವಿನ ಹಕ್ಕು ತಾಯಿಯ ಗೋಪ್ಯಕ್ಕೆ ಭಂಗ ತರಬಾರದೆಂದು ನಿಯಮ ಹೇಳುತ್ತದೆ. ಕರ್ಣನಿಗೆ ಕುಂತಿ ತಾನಾಗಿ ಬಂದು ಹೇಳಿದುದು ಯುದ್ಧದ ಹೊಸ್ತಿಲಲ್ಲಿ, ತನ್ನ ಬೇರೆ ಮಕ್ಕಳಿಗಾಗಿ. ಇಂದಿನ ನಿಯಮದಲ್ಲಿ ಕೇಳುವುದು ಮಗುವಿಗೆ ಬಿಟ್ಟದ್ದು, ಹೇಳುವುದು ತಾಯಿಗೆ ಬಿಟ್ಟದ್ದು. ಇದರಿಂದ ಎಲ್ಲ ನೋವೂ ತೀರುವುದೆಂದು ಹೇಳಲಾಗದು; ಆದರೆ ಇಬ್ಬರ ಮಾತಿಗೂ ಒಂದು ಸ್ಥಾನ ದೊರೆತಿದೆ.

೭

ಇಷ್ಟೆಲ್ಲ ಏರ್ಪಾಡಿದ್ದರೂ ಹಳೆಯ ಒಳದಾರಿ ಮುಚ್ಚಿಹೋಗಿಲ್ಲ. ಹೆರಿಗೆಮನೆಯ ಪರಿಚಯಸ್ಥರು, ಮಕ್ಕಳಿಲ್ಲದ ‘ಒಳ್ಳೆಯ ಮನೆತನ’, ನಡುವೆ ಒಬ್ಬ ಮಧ್ಯಸ್ಥ, ಆಸ್ಪತ್ರೆಯ ದಾಖಲೆಯಲ್ಲಿ ಬದಲಾದ ತಾಯಿಯ ಹೆಸರು: ಇದು ಎಲ್ಲ ನಗರಗಳಲ್ಲಿಯೂ ಕೇಳಿಬರುವ ಕಥೆ. ಮೇಲುನೋಟಕ್ಕೆ ಇದರಿಂದ ಎಲ್ಲರಿಗೂ ಉಪಕಾರವಾದಂತೆ ತೋರುವುದು. ಆದರೆ ಇಲ್ಲಿ ತಾಯಿಗೆ ಎರಡು ತಿಂಗಳ ಮರುಯೋಚನೆಯಿಲ್ಲ. ಮಗುವಿಗೆ ವಾರಸುದಾರಿಕೆಯ ಆಧಾರವಿಲ್ಲ. ಪಡೆದವರಿಗೆ ಒಂದು ದಿನ ಬಾಗಿಲು ತಟ್ಟುವ ಭಯ ತಪ್ಪಿದ್ದಲ್ಲ. ವಿಧಿಯನ್ನು ಬಿಟ್ಟು ಇಂಥ ಮಗುವನ್ನು ಕೊಡುವುದೂ ಪಡೆಯುವುದೂ ೮೦ನೆಯ ಕಲಮಿನಂತೆ ಮೂರು ವರ್ಷದವರೆಗಿನ ಕಾರಾಗೃಹಕ್ಕೆ ಕಾರಣವಾಗಬಹುದು. ಹಣ ಕೈಬದಲಾದರೆ ಅದು ಮಾರಾಟ. ಶಿಕ್ಷೆ ಐದು ವರ್ಷದವರೆಗೆ, ಆಸ್ಪತ್ರೆಯ ಸಿಬ್ಬಂದಿಯಾದರೆ ಏಳು ವರ್ಷದವರೆಗೆ. ೧೯೫೬ರ ಕಾಯಿದೆಯಂತೆ ಹೆತ್ತವರೇ ನೇರವಾಗಿ, ಹಣದ ಸಂಬಂಧವಿಲ್ಲದೆ ದತ್ತು ಕೊಡುವುದು ಇಂದೂ ಸಕ್ರಮವೇ. ಅಣ್ಣನ ಮಗುವನ್ನು ತಮ್ಮನಿಗೆ ಕೊಡುವ ನಮ್ಮ ಮನೆಗಳ ಪದ್ಧತಿ ಅದರೊಳಗೆ ಬರುತ್ತದೆ. ಅದರ ಹೆಸರಿನಲ್ಲಿ ಗುರುತಿಲ್ಲದ ತಾಯಿಯ ಮಗುವನ್ನು ಕೈದಾಟಿಸುವುದು ಮಾತ್ರ ಅದರೊಳಗೆ ಬಾರದು.

ಹೊರನಾಡಿನ ಕನ್ನಡಿಗರ ದೃಷ್ಟಿಯಿಂದ ಇನ್ನೊಂದು ಮಾತು ಹೇಳಬೇಕಾಗಿದೆ. ಊರಿನಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಸಂಕಟದ ಹೆಣ್ಣಿನ ಕೈಹಿಡಿಯಬಹುದಾಗಿದ್ದಲ್ಲಿ, ಪರಸ್ಥಳದಲ್ಲಿ ಅವಳು ಒಬ್ಬಳೇ. ಸಮಿತಿಯ ಮಾತುಕತೆ ಗುಜರಾತಿಯಲ್ಲಿ ನಡೆದರೆ, ಕಾಗದ ಅವಳಿಗೆ ಬಾರದ ಲಿಪಿಯಲ್ಲಿದ್ದರೆ, ಒಪ್ಪಿಗೆ ಎಂಬ ಮಾತಿಗೆ ಅರ್ಥ ಉಳಿಯುವುದು ಹೇಗೆ? ನಿಯಮಗಳಲ್ಲಿ ದುಭಾಷಿಗಳ ನೆರವಿಗೆ ಅವಕಾಶವಿದೆ. ಪ್ರತಿಯೊಂದು ನಗರದ ಕನ್ನಡ ಸಂಘವೂ ಬಾಯಿ ಬಿಗಿಹಿಡಿಯಬಲ್ಲ, ಎರಡು ಭಾಷೆಗಳನ್ನೂ ಬಲ್ಲ ಇಬ್ಬರು ಮೂವರು ಹೆಂಗಸರ ಹೆಸರನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟಿರುವುದು ಸಾಧ್ಯ. ಇದಕ್ಕೆ ನಿಧಿ ಬೇಡ, ಕಟ್ಟಡ ಬೇಡ. ಕಾಗದದಲ್ಲಿರುವುದನ್ನು ತಾಯಿನುಡಿಯಲ್ಲಿ ಓದಿ ಹೇಳಿ, ಎರಡು ತಿಂಗಳ ಗಡುವು ಮುಗಿಯುವ ತಾರೀಖನ್ನು ಅವಳಿಗೆ ತಿಳಿಯುವಂತೆ ಬರೆದುಕೊಟ್ಟರೂ ದೊಡ್ಡ ಉಪಕಾರವಾದೀತು.

ಗುಜರಾತಿಯಲ್ಲಿ ದತ್ತು ಪಡೆಯುವುದಕ್ಕೆ ‘ಖೋಳೇ ಲೇವುಂ’ ಎನ್ನುತ್ತಾರೆ; ಮಡಿಲಿಗೆ ತೆಗೆದುಕೊಳ್ಳುವುದು ಎಂದರ್ಥ. ಕನ್ನಡದಲ್ಲಿಯೂ ‘ಮಡಿಲಿಗೆ ಹಾಕುವುದು’ ಎಂಬ ಮಾತಿದೆ. ಮಡಿಲಿಗೆ ತೆಗೆದುಕೊಂಡವರನ್ನು ಲೋಕ ಕೊಂಡಾಡುತ್ತದೆ, ಅದು ಉಚಿತವೇ. ಆದರೆ ಹಾಕಿದವಳೂ ಒಬ್ಬಳಿದ್ದಾಳೆ. ೧೮೮೧ರ ಸೂರತಿನಲ್ಲಿ ಅವಳಿಗೆ ಕಟಕಟೆಯ ಹೊರತು ಬೇರೆ ಸ್ಥಳವಿರಲಿಲ್ಲ. ಇಂದು ಅವಳು ಕುಳಿತು ಮಾತನಾಡಬಹುದಾದ ಒಂದು ಕೋಣೆ ಅದೇ ಜಿಲ್ಲೆಯಲ್ಲಿದೆ. ಆ ಕೋಣೆಯ ದಾರಿಯನ್ನು ನಾಲ್ಕು ಜನರಿಗೆ ತಿಳಿಸುವುದು ತಿಳಿದವರ ಕರ್ತವ್ಯ.